ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

(ಶತಮಾನೋತ್ಸವದ ಎರಡನೆಯ ದಿನ, ಪಾಲಕರ ಮತ್ತು ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಪಠ್ಯ)



ನಮ್ಮ ಶಾಲೆ ಸಂಸ್ಥಾನದ ಕಾಲದಲ್ಲಿ ಹೇಗೆ ಹುಟ್ಟಿತು, ಯಾರು ಜಾಗ ಕೊಟ್ಟರು, ಯಾರು ಮೊದಲ ಗುರುಗಳಾಗಿದ್ದರು ಎಂಬುದನ್ನು ನಿನ್ನೆ ಹಿರಿಯರು ಸವಿಸ್ತಾರವಾಗಿ ಹೇಳಿದ್ದಾರೆ. ಅದನ್ನು ನಾನು ಮತ್ತೆ ಹೇಳುವುದಿಲ್ಲ. 'ಶಾಲೆ ಮತ್ತು ಸಮಾಜ' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಮಿತಿಯವರು ನನಗೆ ಸೂಚಿಸಿದ್ದಾರೆ. ವಿಷಯ ದೊಡ್ಡದು. ಅದರಲ್ಲಿ ಒಂದು ಸಣ್ಣ ಭಾಗವನ್ನು ಮಾತ್ರ ಆರಿಸಿಕೊಂಡಿದ್ದೇನೆ. ಊರಿಗೆ ಆಪತ್ತು ಬಂದು ಹೋದ ಮೇಲೆ, ನೆರವಿಗೆ ಬರುವ ಕೈಗಳನ್ನು ಯಾರು ಒಂದುಗೂಡಿಸಬೇಕು, ಹೇಗೆ ಒಂದುಗೂಡಿಸಬೇಕು ಎಂಬುದೇ ಆ ಭಾಗ. ಬರುವ ವರ್ಷ ನಾನು ನಿವೃತ್ತಳಾಗುತ್ತೇನೆ. ಕಪಾಟಿನ ಕೀಲಿಕೈಗಳನ್ನು ಒಪ್ಪಿಸುವ ಮೊದಲು ಈ ಒಂದು ಅನುಭವವನ್ನೂ ಒಪ್ಪಿಸಿ ಹೋಗಬೇಕೆಂಬುದು ನನ್ನ ಆಸೆ.

1993ರ ಸೆಪ್ಟೆಂಬರ್ 30. ನಾನು ಈ ಶಾಲೆಗೆ ಸಹಶಿಕ್ಷಕಿಯಾಗಿ ಸೇರಿ ಇನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ. ಹಿಂದಿನ ರಾತ್ರಿ ಗಣಪತಿಯ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದರು. ನಸುಕಿನ ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿದ್ದಾಗ ನೆಲ ನಡುಗಿತು. ನಮ್ಮೂರಿನಲ್ಲಿ ಮಾಡದ ಮೇಲಿನ ಪಾತ್ರೆಗಳು ಉರುಳಿದವು, ದನಗಳು ಹಗ್ಗ ಜಗ್ಗಿದವು, ಶಾಲೆಯ ಹಳೆಯ ಕಲ್ಲುಗೋಡೆಯಲ್ಲಿ ಒಂದು ಸೀಳು ಬಿಟ್ಟಿತು. ಆ ಸೀಳನ್ನು ಮುಚ್ಚಿದ ಗುರುತು ಇಂದಿಗೂ ಐದನೆಯ ತರಗತಿಯ ಕೋಣೆಯಲ್ಲಿದೆ. ಬೆಳಗಾದ ಮೇಲೆ ರೇಡಿಯೊದಲ್ಲಿ ಸುದ್ದಿ ಬಂದಿತು. ಲಾತೂರು ಜಿಲ್ಲೆಯ ಕಿಲ್ಲಾರಿ, ಉಸ್ಮಾನಾಬಾದ್ ಜಿಲ್ಲೆಯ ಸಾಸ್ತೂರು ಮತ್ತು ತೇರ್ಣಾ ನದಿಯ ಆಸುಪಾಸಿನ ಹಳ್ಳಿಗಳು ನೆಲಸಮವಾಗಿದ್ದವು. ಸತ್ತವರ ಸಂಖ್ಯೆ ಹತ್ತಿರ ಹತ್ತಿರ 10,000 ಎಂದು ಆಮೇಲೆ ತಿಳಿಯಿತು.

ಆ ಭೂಕಂಪದ ಪ್ರಮಾಣ 6.2ರಷ್ಟು. ಜಗತ್ತಿನ ದೊಡ್ಡ ಭೂಕಂಪಗಳಿಗೆ ಹೋಲಿಸಿದರೆ ಅದು ಅತಿ ದೊಡ್ಡದೇನಲ್ಲ. ಅಷ್ಟು ಜನರನ್ನು ಕೊಂದದ್ದು ಮನೆಗಳು. ನಮ್ಮ ಭಾಗದ ಮಾಳಿಗೆ ಮನೆ ನಿಮಗೆಲ್ಲರಿಗೂ ಗೊತ್ತಿದೆ. ಎರಡು ಮೂರು ಅಡಿ ದಪ್ಪದ ಕಲ್ಲುಗೋಡೆ, ಹೊರಮೈಗೊಂದು ಒಳಮೈಗೊಂದು ಸಾಲು ಕಲ್ಲು, ನಡುವೆ ಹುಡಿಗಲ್ಲು ಮತ್ತು ಮಣ್ಣು, ತಲೆಯ ಮೇಲೆ ತೊಲೆ-ಜಂತಿ, ಅದರ ಮೇಲೆ ಪ್ರತಿ ವರ್ಷ ಸೋರದಿರಲೆಂದು ಹೊದಿಸುತ್ತ ಬಂದ ಮಣ್ಣು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಎರಡು ಸಾಲುಗಳನ್ನು ಹಿಡಿದಿಡುವ ಅಡ್ಡಗಲ್ಲು ಇಲ್ಲದ ಗೋಡೆ ನೆಲ ಅಲುಗಿದೊಡನೆ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಮಲಗಿದ್ದವರ ಮೇಲೆ ಕಲ್ಲು, ಕಲ್ಲಿನ ಮೇಲೆ ಮಣ್ಣು. ನಮ್ಮವೂ ಅದೇ ಬಗೆಯ ಮನೆಗಳು. ನಾವು ಉಳಿದದ್ದು ದೂರದ ಕಾರಣದಿಂದ ಮಾತ್ರ.

ನಮ್ಮ ಅಂದಿನ ಮುಖ್ಯಗುರುಗಳು ಮಕ್ಕಳಿಗೆ ಹೇಳಿ ಕಳುಹಿಸಿದರು: ಮನೆಗೆ ಐದು ರೊಟ್ಟಿ, ಒಂದು ಹಿಡಿ ಶೇಂಗಾ ಚಟ್ನಿ, ಸಾಧ್ಯವಿದ್ದರೆ ಒಂದು ಬಟ್ಟೆ. ಐದು ಕೇಳಿದರೆ ತಾಯಂದಿರು ಹದಿನೈದು ಕೊಟ್ಟರು. ಎರಡು ಟ್ರ್ಯಾಕ್ಟರ್ ತುಂಬಿದವು. ಮೂರನೆಯ ದಿನ ನಳದುರ್ಗ, ಉಮರ್ಗಾ ದಾರಿಯಾಗಿ ನಾವು ಹೊರಟೆವು. ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ರಸ್ತೆಯೇ ಕಾಣದಷ್ಟು ವಾಹನಗಳು. ನಮ್ಮಂತೆಯೇ ನೆರವು ತಂದವರು ಎಷ್ಟೋ, ಬರಿದೇ ನೋಡಲು ಬಂದವರು ಅಷ್ಟೇ. ಗಾಯಾಳುಗಳನ್ನು ಸೊಲ್ಲಾಪುರದ ಆಸ್ಪತ್ರೆಗೆ ಒಯ್ಯುವ ಗಾಡಿಗಳು ನಮ್ಮ ನಡುವೆ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿದ್ದವು. ನಾವು ನೆರವಿಗೆ ಹೋದವರು. ಆದರೆ ಆ ಗಳಿಗೆಯಲ್ಲಿ ನಾವೇ ಅಡ್ಡಿಯಾಗಿದ್ದೆವು.

ಕೊನೆಗೆ ಒಂದು ಹಳ್ಳಿಯನ್ನು ಮುಟ್ಟಿದಾಗ ಅಲ್ಲಿ ರೊಟ್ಟಿಗೆ ಬರವಿರಲಿಲ್ಲ. ನಮಗಿಂತ ಮೊದಲು ಬಂದವರ ರೊಟ್ಟಿಗಳು ಮಳೆಯಲ್ಲಿ ನೆನೆದು ಬೂಸು ಹಿಡಿದಿದ್ದವು. ರಸ್ತೆಯ ಬದಿಗೆ ಹಳೆಯ ಬಟ್ಟೆಗಳ ಗುಡ್ಡೆ ಬಿದ್ದಿತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಒಬ್ಬ ಮುದುಕಿ ನಮ್ಮ ಟ್ರ್ಯಾಕ್ಟರ್ ಬಳಿ ಬಂದು ಮರಾಠಿಯಲ್ಲಿ ಕೇಳಿದಳು: "ಕೊಡ ಇದೆಯೇ? ಹಗ್ಗ ಇದೆಯೇ?" ಬಾವಿ ಉಳಿದಿತ್ತು. ನೀರೂ ಇತ್ತು. ಸೇದುವ ಕೊಡ, ಹಗ್ಗ ಎರಡೂ ಕಲ್ಲಿನಡಿ ಹೋಗಿದ್ದವು. ನಮ್ಮಲ್ಲಿ ಸಾವಿರಾರು ರೊಟ್ಟಿಗಳಿದ್ದವು, ಒಂದು ಹಗ್ಗ ಇರಲಿಲ್ಲ. ಕೊನೆಗೆ ಟ್ರ್ಯಾಕ್ಟರಿಗೆ ಬಿಗಿದಿದ್ದ ಹಗ್ಗವನ್ನೇ ಬಿಚ್ಚಿ ಕೊಟ್ಟೆವು. ಆ ದಿನ ನಾವು ಮಾಡಿದ ನಿಜವಾದ ಉಪಕಾರ ಅದೊಂದೇ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಅದು ನಮ್ಮೆಲ್ಲರ ತಪ್ಪು. ಮುಂದಿನದು ನನ್ನೊಬ್ಬಳ ತಪ್ಪು. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ದೀಪಾವಳಿಯ ರಜೆಯಲ್ಲಿ ನಾನು ಮತ್ತು ಇನ್ನಿಬ್ಬರು ಶಿಕ್ಷಕಿಯರು ಅದೇ ಹಳ್ಳಿಗೆ ಮತ್ತೆ ಹೋಗಿ ಹನ್ನೆರಡು ದಿನ ಇದ್ದೆವು. ತಗಡಿನ ತಾತ್ಕಾಲಿಕ ಮನೆಗಳು ಏಳುತ್ತಿದ್ದವು. ಚಳಿ ಶುರುವಾಗಿತ್ತು. ಕಂಬಳಿ ಮತ್ತು ಅಡುಗೆ ಪಾತ್ರೆಗಳನ್ನು ಹಂಚಲು ಮನೆಗಳ ಪಟ್ಟಿ ಮಾಡಬೇಕಾಗಿತ್ತು. ನನ್ನ ಅಕ್ಷರ ದುಂಡಗಿದೆ, ಮರಾಠಿಯೂ ಬರುತ್ತದೆ ಎಂದು ಆ ಕೆಲಸ ನನಗೆ ಬಂದಿತು. ನಾನು ಪ್ರತಿ ತಗಡಿನ ಮನೆಯ ಮುಂದೆ ನಿಂತು ಯಜಮಾನನ ಹೆಸರು, ಜನಸಂಖ್ಯೆ, ಉಳಿದವರು ಎಷ್ಟು ಎಂದು ಕೇಳಿ ಬರೆದುಕೊಂಡೆ. ಎರಡು ದಿನಗಳಲ್ಲಿ ಪಟ್ಟಿ ಮುಗಿಯಿತು. ಎಲ್ಲರೂ ಮೆಚ್ಚಿದರು. ಆ ಪಟ್ಟಿಯ ಪ್ರಕಾರ ಹಂಚಿಕೆ ನಡೆಯಿತು.

ಹೊರಡುವ ಹಿಂದಿನ ಸಂಜೆ, ಸಾಲಿನ ಕೊನೆಯಲ್ಲಿ, ಸೀರೆಯೊಂದನ್ನು ಕೋಲಿಗೆ ಕಟ್ಟಿ ಮರೆ ಮಾಡಿಕೊಂಡು ಒಬ್ಬ ಹೆಣ್ಣುಮಗಳು ಕುಳಿತಿರುವುದನ್ನು ಕಂಡೆ. ಮಡಿಲಲ್ಲಿ ಮೂರು ವರ್ಷದ ಮಗು. ಮೈಮೇಲೆ ಕಂಬಳಿ ಇರಲಿಲ್ಲ. ಭೂಕಂಪದಲ್ಲಿ ಅವಳ ಗಂಡ ಸತ್ತಿದ್ದ. ಆಕೆ ತವರಿನ ಅಣ್ಣನ ಆಶ್ರಯಕ್ಕೆ ಬಂದಿದ್ದಳು. ಆದರೆ ಅಣ್ಣನ ತಗಡಿನ ಮನೆಯಲ್ಲಿ ಎಂಟು ಜನರಿದ್ದರು. ಅವಳ ಹೆಸರು ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಏಕೆ ಹೇಳಲಿಲ್ಲವೆಂದು ಕೇಳಿದೆ. ಆಕೆ ಸಿಟ್ಟಾಗದೆ ಹೇಳಿದಳು: "ಬಾಯಿ, ನೀವು ಅಣ್ಣನನ್ನು ಕೇಳಿದಿರಿ. ನನ್ನನ್ನು ಕೇಳಲಿಲ್ಲ."

ನನ್ನ ಅಕ್ಷರ ದುಂಡಗಿತ್ತು, ಪಟ್ಟಿ ಅರೆಯಾಗಿತ್ತು. ಆ ರಾತ್ರಿ ನಾವು ಮೂವರೂ ಕುಳಿತು ಮತ್ತೆ ಎಣಿಸಿದಾಗ ಹೀಗೆ ಬಿಟ್ಟುಹೋದವರು ಇನ್ನೂ ಹನ್ನೊಂದು ಜನ ಸಿಕ್ಕರು. ಎಲ್ಲರೂ ಬೇರೆಯವರ ಆಸರೆಯಲ್ಲಿದ್ದವರು: ವಿಧವೆಯರು, ವೃದ್ಧರು, ಹೊರ ಊರಿನಿಂದ ಕೂಲಿಗೆ ಬಂದಿದ್ದ ಒಂದು ಕುಟುಂಬ. ಹಂಚಲು ಕಂಬಳಿಗಳು ಉಳಿದಿರಲಿಲ್ಲ. ನಮ್ಮ ಮೂವರ ಹೊದಿಕೆಗಳನ್ನು ಬಿಟ್ಟು ಬಂದೆವು. ಅದು ಪ್ರಾಯಶ್ಚಿತ್ತವಾಗಲಿಲ್ಲ.

ಮುಂದೆ ಆ ಪ್ರದೇಶದಲ್ಲಿ ನಡೆದ ಕೆಲಸ ನನ್ನ ಕಣ್ಣು ತೆರೆಸಿತು. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಮಹಾರಾಷ್ಟ್ರ ಸರಕಾರ ದೊಡ್ಡ ಪುನರ್ವಸತಿ ಯೋಜನೆಯನ್ನು ಕೈಗೊಂಡಿತು. ಪೂರ್ತಿ ನಾಶವಾದ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಲಾಯಿತು. ಆದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮನೆಗಳು ಬಿರುಕು ಬಿಟ್ಟು ನಿಂತಿದ್ದವು. ಅವನ್ನು ದುರಸ್ತಿ ಮಾಡಿ ಬಲಪಡಿಸುವುದು ಬೇರೆಯೇ ಕೆಲಸ. ಅಲ್ಲಿ ಗುತ್ತಿಗೆದಾರ ಬಂದು ಕಟ್ಟಿ ಹೋಗುವುದಿಲ್ಲ. ಮನೆಯವರೇ ಗೌಂಡಿಯನ್ನು ಕರೆತಂದು, ಕಂತಿನಲ್ಲಿ ಬರುವ ಹಣದಿಂದ ಮಾಡಿಸಿಕೊಳ್ಳಬೇಕು. ಅದಕ್ಕೆ ಅವರಿಗೆ ತಿಳಿವಳಿಕೆ ಬೇಕು. ಗೋಡೆಯ ಎರಡೂ ಮೈಗಳನ್ನು ಬಿಗಿಯುವಂತೆ ರಂಧ್ರ ಕೊರೆದು ಕಬ್ಬಿಣದ ಸರಳು, ಕಾಂಕ್ರೀಟು ತುಂಬುವುದು ಏಕೆ, ಮಾಳಿಗೆಯ ಮೇಲಿನ ಮಣ್ಣನ್ನು ಏಕೆ ಕಡಿಮೆ ಮಾಡಬೇಕು, ಮೂಲೆಗಳನ್ನು ಏಕೆ ಹಿಡಿದು ಕಟ್ಟಬೇಕು ಎಂಬುದನ್ನು ಅವರದೇ ಮಾತಿನಲ್ಲಿ ಯಾರಾದರೂ ಹೇಳಬೇಕು.

ಈ ಕೆಲಸಕ್ಕೆ ಸರಕಾರವು 'ಸ್ವಯಂ ಶಿಕ್ಷಣ ಪ್ರಯೋಗ' ಎಂಬ ಸಂಸ್ಥೆಯ ನೆರವನ್ನು ಪಡೆಯಿತು. ಅದನ್ನು ಕಟ್ಟಿದವರು ಪ್ರೇಮಾ ಗೋಪಾಲನ್ ಅವರು. ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮಹಿಳಾ ಮಂಡಲಗಳನ್ನು ಜೊತೆಗೆ ತೆಗೆದುಕೊಂಡು, ಅದೇ ಊರಿನ ಹೆಣ್ಣುಮಕ್ಕಳನ್ನು 'ಸಂವಾದ ಸಹಾಯಕ'ರನ್ನಾಗಿ ನಿಲ್ಲಿಸಿದರು. ಹೆಸರೇ ನೋಡಿ: ಮಾತುಕತೆಗೆ ಸಹಾಯ ಮಾಡುವವರು. ಇವರು ಮನೆಮನೆಗೆ ಹೋಗಿ ಯೋಜನೆಯನ್ನು ತಿಳಿಸಿದರು, ಗ್ರಾಮಸಭೆಗೆ ಹೆಂಗಸರನ್ನು ಕರೆತಂದರು, ಸಿಮೆಂಟು ಮರಳುಗಳ ಮೇಲೆ ಕಣ್ಣಿಟ್ಟರು, ಊರಿನ ಅಹವಾಲನ್ನು ಇಂಜಿನಿಯರರಿಗೆ ಮುಟ್ಟಿಸಿದರು.

1996ರ ಬೇಸಿಗೆಯಲ್ಲಿ ನಾನು ಆ ಭಾಗದ ಒಂದು ಹಳ್ಳಿಯ ಇಂತಹ ಸಭೆಯೊಂದರಲ್ಲಿ ಕುಳಿತಿದ್ದೆ. ನಾಲ್ಕನೆಯ ಇಯತ್ತೆಯವರೆಗೆ ಓದಿದ ಒಬ್ಬ ಮಧ್ಯವಯಸ್ಸಿನ ತಾಯಿ ನೆಲದ ಮೇಲೆ ಊರಿನ ನಕ್ಷೆಯನ್ನು ರಂಗೋಲಿ ಹಿಟ್ಟಿನಿಂದ ಬಿಡಿಸಿದ್ದಳು. ಪ್ರತಿ ಮನೆಗೆ ಒಂದು ಚೌಕ. ಚೌಕದೊಳಗೆ ಆ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತವೆಯೋ ಅಷ್ಟು ಕಾಳು. ಒಂದು ಚೌಕದಲ್ಲಿ ಮೂರು ಕಾಳುಗಳಿದ್ದವು. ಏಕೆಂದು ಕೇಳಿದಾಗ ಆಕೆ ಹೇಳಿದಳು: "ಬಾಗಿಲು ಒಂದೇ, ಸಂಸಾರ ಮೂರು." ಎಂ.ಎ. ಓದುತ್ತಿದ್ದ ನನಗೆ ಹೊಳೆಯದಿದ್ದದ್ದು ಆಕೆಗೆ ಸಹಜವಾಗಿ ತಿಳಿದಿತ್ತು. ನಾನು ಬಾಗಿಲು ಎಣಿಸಿದ್ದೆ, ಆಕೆ ಒಲೆ ಎಣಿಸಿದ್ದಳು. ಹೊರಗಿನಿಂದ ಬಂದವರಿಗೆ ಬಾಗಿಲು ಮಾತ್ರ ಕಾಣುತ್ತದೆ. ಒಲೆ ಕಾಣುವುದು ಊರಿನವರಿಗೆ.

2001ರ ಜನವರಿ 26ರಂದು ಗುಜರಾತಿನ ಕಚ್ಛದಲ್ಲಿ ಭೂಕಂಪವಾದಾಗ ಇದೇ ಲಾತೂರು, ಉಸ್ಮಾನಾಬಾದ್‌ಗಳ ಹೆಂಗಸರು ಅಲ್ಲಿಗೆ ಹೋಗಿ, ತಾವು ಕಲಿತದ್ದನ್ನು ಅಲ್ಲಿಯ ಹೆಂಗಸರಿಗೆ ಹೇಳಿಕೊಟ್ಟರು. ನೆರವು ಪಡೆದವರು ಗುರುಗಳಾದರು. ಶಿಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ನನ್ನ ಬಿ.ಎಡ್. ತರಗತಿಯಲ್ಲಿ ನಾನು ಕೇಳಿಲ್ಲ.

ಇಷ್ಟೆಲ್ಲ ನೋಡಿದ ಮೇಲೆಯೂ ಅದು ನಮ್ಮೂರಿನ ಕೆಲಸವೆಂದು ನನಗೆ ಅನ್ನಿಸಿರಲಿಲ್ಲ. ಇಪ್ಪತ್ತೇಳು ವರ್ಷಗಳ ಅನಂತರ ಸರದಿ ನಮ್ಮದಾಯಿತು.

2020ರ ಅಕ್ಟೋಬರ್ ನಿಮಗೆಲ್ಲ ನೆನಪಿದೆ. ಕೊರೊನಾದಿಂದ ಮಾರ್ಚ್ ತಿಂಗಳಿನಿಂದಲೇ ಶಾಲೆ ಮುಚ್ಚಿತ್ತು. ನವರಾತ್ರಿಗೆ ಎರಡು ಮೂರು ದಿನಗಳಿರುವಾಗ ಸುರಿದ ಮಳೆಗೆ ಭೀಮೆ ಉಕ್ಕಿದಳು. ಮೇಲಿನ ಅಣೆಕಟ್ಟಿನ ನೀರು, ಸೀನಾ ಮತ್ತು ಬೋರಿ ಹೊಳೆಗಳ ನೀರು ಎಲ್ಲವೂ ಒಟ್ಟಿಗೆ ಬಂದವು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ದಂಡೆಯ ಹಳ್ಳಿಗಳಿಗೂ ಆಚೆ ದಂಡೆಯ ಇಂಡಿ, ಅಫಜಲಪುರದ ಹಳ್ಳಿಗಳಿಗೂ ಒಂದೇ ಗತಿ. ನದಿಗೆ ರಾಜ್ಯದ ಗಡಿ ಗೊತ್ತಿಲ್ಲ. ನಮ್ಮ ಕೆಳಗಿನ ಮೂರು ಓಣಿಗಳಿಗೆ ನೀರು ನುಗ್ಗಿದಾಗ ಜನ ತಾವಾಗಿಯೇ ಎತ್ತರದಲ್ಲಿದ್ದ ಈ ಶಾಲೆಗೆ ಬಂದರು. ನಾನು ಬಂದು ಬೀಗ ತೆಗೆದೆ.

ನೀರು ಮೂರು ದಿನಗಳಲ್ಲಿ ಇಳಿಯಿತು. ನಿಜವಾದ ಕೆಲಸ ಆಗ ಆರಂಭವಾಯಿತು. ಆ ಕೆಲಸವನ್ನು ಹೇಗೆ ಮಾಡಿದೆವು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು.

ಮೊದಲನೆಯದಾಗಿ, ಪಟ್ಟಿಯನ್ನು ನಾನು ಬರೆಯಲಿಲ್ಲ. ಪ್ರತಿ ಓಣಿಗೆ ಇಬ್ಬರನ್ನು ಆರಿಸಿದೆವು, ಅದೇ ಓಣಿಯವರನ್ನು, ಅದರಲ್ಲಿ ಒಬ್ಬರು ಹೆಂಗಸಾಗಿರಲೇಬೇಕು. ಅಂಗನವಾಡಿ ತಾಯಿ, ಆಶಾ ಕಾರ್ಯಕರ್ತೆ, ನಮ್ಮ ಬಿಸಿಯೂಟದ ಅಡುಗೆಯ ಅಕ್ಕ, ಇಂಥವರು. ಬಾಗಿಲು ಎಣಿಸಬೇಡಿ, ಒಲೆ ಎಣಿಸಿರಿ ಎಂದು ಹೇಳಿದೆ. ಬರೆದ ಪಟ್ಟಿಯನ್ನು ನಮ್ಮ ಶಾಲೆಯ ಹಾಜರಿ ಪಟ್ಟಿಯೊಂದಿಗೆ ಹೋಲಿಸಿದೆವು. ಹಾಜರಿಯಲ್ಲಿದ್ದ ಮಗುವಿನ ಮನೆ ಓಣಿಯ ಪಟ್ಟಿಯಲ್ಲಿ ಇಲ್ಲದಿದ್ದರೆ ಮತ್ತೆ ಹೋಗಿ ಕೇಳಿದೆವು. ಹೀಗೆ ಆರು ಸಂಸಾರಗಳು ಸಿಕ್ಕವು. ಅವರಲ್ಲಿ ನಾಲ್ವರು ಕಬ್ಬು ಕಡಿಯಲು ಹೋಗುವವರು, ಹೊಲದ ಗುಡಿಸಲಿನಲ್ಲಿದ್ದವರು.

ಎರಡನೆಯದು ಜಾಗದ ಪ್ರಶ್ನೆ. ಹಂಚಿಕೆಯನ್ನು ಗುಡಿಯ ಕಟ್ಟೆಯ ಮೇಲೆ ಮಾಡೋಣವೆಂದು ಹಿರಿಯರು ಸದ್ಭಾವನೆಯಿಂದಲೇ ಹೇಳಿದರು. ಅಲ್ಲಿಗೆ ಬಂದು ಕೈಯೊಡ್ಡಲು ಹಿಂಜರಿಯುವ ಮನೆಗಳು ನಮ್ಮ ಊರಿನಲ್ಲಿವೆ. ಅದನ್ನು ನಾವು ಬಲ್ಲೆವು, ಬಾಯಿ ಬಿಟ್ಟು ಹೇಳುವುದಿಲ್ಲ. ಶಾಲೆಯ ಅಂಗಳಕ್ಕೆ ಮಾತ್ರ ಎಲ್ಲ ಕೇರಿಯವರೂ ಒಂದಲ್ಲ ಒಂದು ದಿನ ಪಾಟಿ ಹಿಡಿದು ಬಂದವರೇ. ಆದ್ದರಿಂದ ಹಂಚಿಕೆ ಇಲ್ಲಿಯೇ ಆಗಲೆಂದು ನಾನು ಹಟ ಹಿಡಿದೆ. ಕೆಲವರು ಬೇಸರಪಟ್ಟರು. ಹಿರಿಯರು ಕೊನೆಗೆ ಒಪ್ಪಿದರು. ಅವರ ಒಪ್ಪಿಗೆ ಇಲ್ಲದೆ ಈ ಕೆಲಸ ನಡೆಯುತ್ತಿರಲಿಲ್ಲ, ಇಂದು ಅವರನ್ನು ಸ್ಮರಿಸುತ್ತೇನೆ.

ಮೂರನೆಯದು ಲೆಕ್ಕ. ಹೊರಗಿನ ಗೋಡೆಯ ಕರಿಹಲಗೆಯ ಮೇಲೆ ಪ್ರತಿ ಸಂಜೆ ಬರೆಯುತ್ತಿದ್ದೆವು: ಇಂದು ಬಂದದ್ದು ಇಷ್ಟು, ಕೊಟ್ಟದ್ದು ಇಷ್ಟು, ಉಳಿದದ್ದು ಇಷ್ಟು, ನಾಳೆ ಬೇಕಾದದ್ದು ಇಷ್ಟು. ಮೊದಲ ಎರಡು ದಿನ ಇದ್ದ ಗುಸುಗುಸು ಮೂರನೆಯ ದಿನ ನಿಂತಿತು. ಸಂಶಯಕ್ಕೆ ಉತ್ತರವಾಗಿ ಭಾಷಣ ಮಾಡುವುದಕ್ಕಿಂತ ಒಂದು ತುಂಡು ಸೀಮೆಸುಣ್ಣ ಹೆಚ್ಚು ಕೆಲಸ ಮಾಡುತ್ತದೆ.

ನಾಲ್ಕನೆಯದು, ಬೇಕಾದದ್ದನ್ನು ಹೇಳುವ ಧೈರ್ಯ. ಪುಣೆ, ಸೊಲ್ಲಾಪುರ, ಬೆಂಗಳೂರುಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ವಾಟ್ಸಾಪಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಬಾಯಿ, ಹಳೆಯ ಬಟ್ಟೆ ಕಳುಹಿಸೋಣವೇ?" ಎಂಬುದು. ನನಗೆ ರಸ್ತೆಯ ಬದಿಯ ಆ ಗುಡ್ಡೆ ನೆನಪಾಯಿತು. ಬೇಡವೆಂದೆ. ಹೊಳೆಯ ದಂಡೆಯ ಪಂಪುಸೆಟ್ಟುಗಳೆಲ್ಲ ಮುಳುಗಿದ್ದವು. ಮೋಟಾರು ರಿವೈಂಡಿಂಗ್ ಬಲ್ಲವರು ಬನ್ನಿ, ಬಾವಿ ಬಳಿಯಲು ಡೀಸೆಲ್ ಪಂಪು ತನ್ನಿ, ಒಲೆ, ಕೊಡ, ಹಗ್ಗ ತನ್ನಿ ಎಂದೆ. ಹಗ್ಗವನ್ನು ಏಕೆ ಕೇಳಿದೆನೆಂದು ಯಾರಿಗೂ ಅರ್ಥವಾಗಲಿಲ್ಲ. ನಮ್ಮಲ್ಲಿ ಏಳನೆಯ ತರಗತಿಯಲ್ಲಿ ನಪಾಸಾಗಿ ಶಾಲೆ ಬಿಟ್ಟಿದ್ದ ಒಬ್ಬ ಹುಡುಗ ಚಿಂಚವಡದಿಂದ ಉಪಕರಣಗಳ ಪೆಟ್ಟಿಗೆಯೊಂದಿಗೆ ಬಂದು, ಎಂಟು ದಿನ ಈ ವರಾಂಡದಲ್ಲಿ ಕುಳಿತು ಇಪ್ಪತ್ತಾರು ಮೋಟಾರುಗಳನ್ನು ನಡೆಯುವಂತೆ ಮಾಡಿದ. ಅವನಿಗೆ ನಾನು ಒಮ್ಮೆ ಕಡಿಮೆ ಅಂಕ ಕೊಟ್ಟವಳು. ಅವನು ಈ ಸಭೆಯಲ್ಲಿದ್ದಾನೆ. ಅಪ್ಪಾ, ನಿನ್ನ ಋಣ ದೊಡ್ಡದು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ತಲಾಠಿ, ಗ್ರಾಮಸೇವಕ, ಕೃಷಿ ಸಹಾಯಕರು ಪಂಚನಾಮೆಗೆ ಬಂದರು. ಅವರು ತಮ್ಮ ಕರ್ತವ್ಯವನ್ನು ಮಾಡಿದರು. ಆದರೆ ಅರ್ಜಿಗಳೆಲ್ಲ ಮರಾಠಿಯಲ್ಲಿ. ಮರಾಠಿ ನಮಗೆ ಪರಕೀಯವಲ್ಲ, ಸಂತೆಯಲ್ಲಿಯೂ ಕಚೇರಿಯಲ್ಲಿಯೂ ನಾವು ಆಡುವ ಮಾತು, ನಮ್ಮ ಮಕ್ಕಳು ಪ್ರೀತಿಯಿಂದ ಕಲಿಯುವ ಭಾಷೆ. ಆದರೂ ಕನ್ನಡವನ್ನಷ್ಟೇ ಓದಬಲ್ಲ ಹಿರಿಯರಿಗೆ, ಓದಲೇ ಬಾರದ ತಾಯಂದಿರಿಗೆ, ತಮ್ಮ ಹಾನಿಯನ್ನು ಆ ಕೋಷ್ಟಕದಲ್ಲಿ ಬರೆಯುವುದು ಕಷ್ಟ. ಸಾತಬಾರಾ ಉತಾರೆ, ರೇಷನ್ ಕಾರ್ಡು, ಆಧಾರ್ ಎಲ್ಲ ಕೆಸರಿನಲ್ಲಿ ಹೋಗಿದ್ದವು. ಎರಡೂ ಭಾಷೆ ಬಲ್ಲ ನಮ್ಮ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳನ್ನು ಮಾಸ್ಕು ಹಾಕಿಸಿ, ದೂರ ದೂರ ಕೂಡಿಸಿದೆವು. ಒಬ್ಬೊಬ್ಬ ಹಿರಿಯರು ಬಂದು ಕನ್ನಡದಲ್ಲಿ ಹೇಳುವುದು, ಮಗು ಮರಾಠಿಯಲ್ಲಿ ಬರೆಯುವುದು, ಬರೆದುದನ್ನು ಮತ್ತೆ ಕನ್ನಡದಲ್ಲಿ ಓದಿ ಹೇಳುವುದು, ಶಿಕ್ಷಕರು ತಿದ್ದುವುದು. ಕೆಸರು ಎತ್ತುವುದು, ಸತ್ತ ದನಗಳನ್ನು ಹೂಳುವುದು, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು, ಹಾವಿನ ಭಯವಿರುವ ಬಿದ್ದ ಮನೆಗಳೊಳಗೆ ಹೋಗುವುದು, ಈ ಕೆಲಸಗಳಿಗೆ ಮಕ್ಕಳನ್ನು ಒಂದು ದಿನವೂ ಬಿಡಲಿಲ್ಲ. ಅವರ ಕೆಲಸ ಅಕ್ಷರದ್ದು.

ಒಂದು ದಿನ ಒಬ್ಬ ಅಜ್ಜ ತನ್ನ ಅರ್ಜಿಯನ್ನು ಬರೆಸಿ, ಮಗು ಅದನ್ನು ಓದಿ ಹೇಳಿದ ಮೇಲೆ, ತಾನು ಎರಡು ಆಡು ಎಂದು ಹೇಳಿದ್ದನ್ನು ತಿದ್ದಿಸಿದ. "ಒಂದೇ ಸತ್ತದ್ದು ಮಗಳೇ, ಇನ್ನೊಂದು ನಿನ್ನೆ ಸಂಜೆ ತಿರುಗಿ ಬಂತು." ಆ ಹುಡುಗಿ ಎರಡನ್ನು ಹೊಡೆದು ಒಂದು ಎಂದು ಬರೆದಳು. ಆ ದಿನ ನೀತಿಪಾಠದ ಅವಧಿ ಬೇಕಾಗಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೊದಲ ದಿನ ಕೆಲಸಕ್ಕೆ ಬಂದವರು ಅರವತ್ತಕ್ಕೂ ಹೆಚ್ಚು. ಇಪ್ಪತ್ತನೆಯ ದಿನ ಉಳಿದವರು ಒಂಬತ್ತು ಜನ, ಅದರಲ್ಲಿ ಏಳು ಜನ ಹೆಂಗಸರು. ಬಿಟ್ಟುಹೋದವರನ್ನು ದೂರುವುದಿಲ್ಲ. ಅವರಿಗೂ ಹೊಲವಿತ್ತು, ಹೊಟ್ಟೆಯಿತ್ತು. ತಪ್ಪು ನಮ್ಮದು. ಮೊದಲ ವಾರ ಎಲ್ಲರನ್ನೂ ಒಟ್ಟಿಗೆ ದುಡಿಸಿಬಿಟ್ಟೆವು. ಸರದಿ ಹಾಕಿ, ಕೆಲವರನ್ನು ಮುಂದಿನ ತಿಂಗಳಿಗೆಂದು ಕಾದಿರಿಸಬೇಕಾಗಿತ್ತು. ಪರಿಹಾರದ ಹಣ ಬರುವುದು, ಗೋಡೆ ಏಳುವುದು, ಹೆದರಿದ ಮಗು ಮತ್ತೆ ನಿದ್ರಿಸುವುದು ತಿಂಗಳುಗಳ ಕೆಲಸ. ಉತ್ಸಾಹವಿರುವುದು ಮೊದಲ ವಾರ, ಜನ ಬೇಕಾಗುವುದು ಹತ್ತನೆಯ ವಾರ.

'ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು' ಎಂಬ ಗಾದೆಯನ್ನು ನಮ್ಮವರು ಬೇಸರದಲ್ಲಿ ಆಡುತ್ತಾರೆ. ನನ್ನ ಅನುಭವದಲ್ಲಿ ಊರು ಉಪಕಾರವನ್ನು ಅರಿಯುತ್ತದೆ, ಉಪಕಾರವು ಊರನ್ನು ಅರಿತು ಬಂದರೆ.

ಈಗ ಈ ಶತಮಾನೋತ್ಸವದ ಮಾತಿಗೆ ಬರುತ್ತೇನೆ. ನಾನು ಸೇರಿದಾಗ ಎರಡೆರಡು ವಿಭಾಗಗಳಿದ್ದ ತರಗತಿಗಳಲ್ಲಿ ಇಂದು ಒಂದೊಂದೇ ಇವೆ. ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಓದಿ ಮಗು ಏನಾದೀತು ಎಂದು ಪಾಲಕರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಅಂಕಗಳಿಂದಲೂ ಉತ್ತರ ಕೊಡಬೇಕು, ಕೊಡುತ್ತಿದ್ದೇವೆ. ನನ್ನ ಇನ್ನೊಂದು ಉತ್ತರ ಆ ಅರ್ಜಿಗಳ ಸಾಲು. ಅಜ್ಜನ ಕನ್ನಡವನ್ನು ಕಚೇರಿಯ ಮರಾಠಿಗೆ ಮುಟ್ಟಿಸಿ, ಕಚೇರಿಯ ಮರಾಠಿಯನ್ನು ಅಜ್ಜನ ಕನ್ನಡಕ್ಕೆ ತಿರುಗಿ ತಂದವರು ಈ ಶಾಲೆಯ ಮಕ್ಕಳು. ಎರಡು ದಂಡೆಗಳನ್ನು ಬಲ್ಲವರಿಂದ ಮಾತ್ರ ಸೇತುವೆಯ ಕೆಲಸ ಸಾಧ್ಯ. ಈ ಶಾಲೆ ಮುಚ್ಚಿದರೆ ಕಟ್ಟಡವೊಂದೇ ಹೋಗುವುದಿಲ್ಲ. ಪ್ರತಿ ಮನೆಯ ಪ್ರತಿ ಒಲೆಯನ್ನು ಹೆಸರು ಹಿಡಿದು ಬಲ್ಲ ಒಂದು ಹಾಜರಿ ಪಟ್ಟಿ ಹೋಗುತ್ತದೆ.

ಆದ್ದರಿಂದ ನನ್ನದೊಂದು ಬೇಡಿಕೆ. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ಇಂದು ಕಚೇರಿಯ ಮೇಜಿನ ಮೇಲೆ ಒಂದು ಹೊಸ ರಜಿಸ್ಟರ್ ಇಟ್ಟಿದ್ದೇನೆ. ಅದರಲ್ಲಿ ನಿಮ್ಮ ಹೆಸರು, ಓಣಿ, ನಿಮಗೆ ಬರುವ ಕೆಲಸ ಬರೆಯಿರಿ. ಈಜು ಬರುತ್ತದೆಯೇ, ಟ್ರ್ಯಾಕ್ಟರ್ ಇದೆಯೇ, ವಿದ್ಯುತ್ ಕೆಲಸ ಗೊತ್ತೇ, ನೂರು ಜನರಿಗೆ ಅಡುಗೆ ಮಾಡಬಲ್ಲಿರಾ, ಹೆದರಿದ ಮಕ್ಕಳಿಗೆ ಕಥೆ ಹೇಳಬಲ್ಲಿರಾ. ಎಷ್ಟನೆಯ ವಾರ ಬರಬಲ್ಲಿರಿ ಎಂಬುದನ್ನೂ ಬರೆಯಿರಿ. ಪ್ರತಿ ವರ್ಷ ಸೆಪ್ಟೆಂಬರ್ 30ರಂದು ಹತ್ತನೆಯ ತರಗತಿಯ ಮಕ್ಕಳು ಓಣಿ ಓಣಿಗೆ ಹೋಗಿ ಆ ರಜಿಸ್ಟರನ್ನೂ ಒಲೆಗಳ ಎಣಿಕೆಯನ್ನೂ ಹೊಸದು ಮಾಡಲಿ. ಅದೇ ದಿನ ಗೌಂಡಿ ಕೆಲಸ ಬಲ್ಲ ಪಾಲಕರೊಬ್ಬರು ಬಂದು, ಕಲ್ಲುಗೋಡೆ ಏಕೆ ಬಿಚ್ಚಿಕೊಳ್ಳುತ್ತದೆ, ಹೇಗೆ ಕಟ್ಟಿದರೆ ನಿಲ್ಲುತ್ತದೆ ಎಂದು ಐದನೆಯ ತರಗತಿಯ ಆ ಸೀಳಿನ ಮುಂದೆ ನಿಂತು ಮಕ್ಕಳಿಗೆ ತೋರಿಸಲಿ.

ರಜಿಸ್ಟರಿನ ಮೊದಲ ಸಾಲನ್ನು ನಾನು ಖಾಲಿ ಬಿಟ್ಟಿದ್ದೇನೆ. ಅದು ಚಳಿಯಲ್ಲಿ ಸೀರೆಯ ಮರೆಯಲ್ಲಿ ಕುಳಿತಿದ್ದ ಆ ತಾಯಿಗೆ. ಅಂದು ಅವಳ ಹೆಸರನ್ನು ಕೇಳಿ ಬರೆದುಕೊಳ್ಳುವುದನ್ನು ನಾನು ಕೊನೆಗೂ ಮರೆತೆ. ಪಟ್ಟಿ ಮಾಡುವವರು ಯಾರೇ ಆಗಲಿ, ಆ ಖಾಲಿ ಸಾಲನ್ನು ನೋಡಿ, ಇನ್ನು ಯಾರು ಉಳಿದರು ಎಂದು ಒಮ್ಮೆ ಕೇಳಿಕೊಳ್ಳಲಿ.